ಬಿಲ್ ರಸೆಲ್: ಆಟಗಾರ, ಕೋಚ್ ಮತ್ತು ಸೋಲುವ ಹಕ್ಕು

1966ರ ಏಪ್ರಿಲ್ 18ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಒಂದು ಪತ್ರಿಕಾಗೋಷ್ಠಿ ನಡೆಯಿತು. ಆ ಊರಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡ ಸೆಲ್ಟಿಕ್ಸ್‌ನ ಕೋಚ್ ರೆಡ್ ಔರ್‌ಬ್ಯಾಕ್ ಆ ಋತುವಿನ ಕೊನೆಗೆ ತಮ್ಮ ಸ್ಥಾನ ಬಿಡಲಿದ್ದರು. ಆ ಸ್ಥಾನಕ್ಕೆ ಬರುವವರು ಅದೇ ತಂಡದ ಸೆಂಟರ್ ಆಟಗಾರ, ಮೂವತ್ತೆರಡು ವರ್ಷದ ಬಿಲ್ ರಸೆಲ್ ಎಂದು ಅಂದು ಪ್ರಕಟಿಸಲಾಯಿತು. ರಸೆಲ್ ಆಟವನ್ನೂ ಬಿಡುವವರಲ್ಲ, ಆಡುತ್ತಲೇ ಆಡಿಸುವವರು. ಸೇರಿದ್ದ ಪತ್ರಕರ್ತರಲ್ಲಿ ಒಬ್ಬರು ಅವರನ್ನು ಕೇಳಿದರು: ದೊಡ್ಡ ಲೀಗೊಂದರ ಮೊದಲ ಕಪ್ಪು ಕೋಚ್ ಆಗಿ ನೀವು ಈ ಕೆಲಸವನ್ನು ಪಕ್ಷಪಾತವಿಲ್ಲದೆ, ಬಿಳಿಯರ ಮೇಲೆ ತಿರುಗಿಬಿದ್ದ ಜನಾಂಗದ್ವೇಷವಿಲ್ಲದೆ ಮಾಡಬಲ್ಲಿರಾ? ರಸೆಲ್ ಒಂದೇ ಪದದಲ್ಲಿ ಹೌದೆಂದರು. ಹೇಗೆ ಎಂದು ಮರುಪ್ರಶ್ನೆ ಬಂದಾಗ, ಈ ಆಟದಲ್ಲಿ ಮನುಷ್ಯನನ್ನು ಗೌರವಿಸುವುದು ಅವನ ಸಾಮರ್ಥ್ಯಕ್ಕಾಗಿ, ಅಷ್ಟೇ ಎಂಬರ್ಥದ ಮಾತನಾಡಿ ಮುಗಿಸಿದರು.

ಪ್ರಶ್ನೆ ಕೇಳಿಸಿಕೊಂಡ ವ್ಯಕ್ತಿ ಯಾರೆಂಬುದನ್ನು ನೆನೆಯಬೇಕು. ಅಷ್ಟರಲ್ಲಿ ರಸೆಲ್ ಒಂಬತ್ತು ಪೂರ್ಣ ಋತುಗಳಲ್ಲಿ ಆಡಿ ಎಂಟು ಸಲ ತಂಡದೊಂದಿಗೆ ಚಾಂಪಿಯನ್ ಆಗಿದ್ದರು. ಐದು ಸಲ ಲೀಗಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದಿದ್ದರು. ಅವರ ಆಟದ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಸಂದೇಹವಿದ್ದುದು ಅವರು ಕೊಡಲಿರುವ ಅಪ್ಪಣೆಯ ಬಗ್ಗೆ. ಬಿಳಿಯ ಕೋಚ್‌ಗಳು ಅಧಿಕಾರ ವಹಿಸಿಕೊಳ್ಳುವಾಗ ಎದುರಿಸಬೇಕಾಗಿರದ ಪ್ರಶ್ನೆ ಅದು. ಔರ್‌ಬ್ಯಾಕ್ ಮಾತ್ರ ಜಾಣರು. ಹಿಂದಿನ ದಿನವಷ್ಟೇ ಅಂತಿಮ ಸರಣಿಯ ಮೊದಲ ಪಂದ್ಯವನ್ನು ಲಾಸ್ ಏಂಜಲೀಸ್‌ನ ಲೇಕರ್ಸ್ ಗೆದ್ದಿತ್ತು. ಈ ಸುದ್ದಿ ಹೊರಬೀಳುತ್ತಲೇ ಪತ್ರಿಕೆಗಳು ಲೇಕರ್ಸ್ ಗೆಲುವನ್ನು ಮರೆತವು. ಸರಣಿ ಏಳನೆಯ ಪಂದ್ಯದವರೆಗೆ ನಡೆದು, ಎರಡು ಅಂಕಗಳ ಅಂತರದಲ್ಲಿ ಸೆಲ್ಟಿಕ್ಸ್ ಪಾಲಾಯಿತು. ಸತತ ಎಂಟನೆಯ ಪ್ರಶಸ್ತಿ.

ಕ್ರಿಕೆಟ್ ನೋಡಿ ಬೆಳೆದ ನಮಗೆ ಬ್ಯಾಸ್ಕೆಟ್‌ಬಾಲ್ ಕೋಚ್‌ನ ಅಧಿಕಾರ ಸುಲಭವಾಗಿ ಅರಿವಿಗೆ ಬರುವುದಿಲ್ಲ. ಕ್ರಿಕೆಟಿನಲ್ಲಿ ಮೈದಾನದ ಒಳಗಿನ ತೀರ್ಮಾನಗಳೆಲ್ಲ ನಾಯಕನವು, ಕೋಚ್ ಇತ್ತೀಚಿನವನು. ಬ್ಯಾಸ್ಕೆಟ್‌ಬಾಲಿನಲ್ಲಿ ಹಾಗಲ್ಲ. ಅಂಕಣಕ್ಕೆ ಇಳಿಯುವ ಐವರು ಯಾರು, ಯಾರನ್ನು ಯಾವ ಗಳಿಗೆಯಲ್ಲಿ ಹೊರಗೆ ಕರೆಯಬೇಕು, ಎದುರಾಳಿಯ ಯಾವ ಆಟಗಾರನಿಗೆ ಯಾರು ಕಾವಲು, ಕೊನೆಯ ಹತ್ತು ಸೆಕೆಂಡುಗಳಲ್ಲಿ ಚೆಂಡು ಯಾರ ಕೈಗೆ ಹೋಗಬೇಕು, ಎಲ್ಲವನ್ನೂ ಹೇಳುವವನು ಅಂಚಿನಲ್ಲಿ ನಿಂತ ಕೋಚ್. ನಲವತ್ತೆಂಟು ನಿಮಿಷಗಳ ಪಂದ್ಯದಲ್ಲಿ ರಸೆಲ್ ಸರಾಸರಿ ನಲವತ್ತು ನಿಮಿಷ ತಾವೇ ಅಂಕಣದಲ್ಲಿರುತ್ತಿದ್ದರು. ಸಹಾಯಕ ಕೋಚ್ ಎಂಬವರು ಯಾರೂ ಇರಲಿಲ್ಲ. ಓಡುತ್ತ, ಹಾರುತ್ತ, ಎದುರಾಳಿಯ ಮೊಣಕೈ ತಿವಿತ ತಿನ್ನುತ್ತ, ಬೆಂಚಿನ ಮೇಲೆ ಯಾರು ದಣಿದಿದ್ದಾರೆ, ಯಾರು ಕಾದಿದ್ದಾರೆ ಎಂದೂ ಲೆಕ್ಕವಿಡಬೇಕಿತ್ತು.

ಔರ್‌ಬ್ಯಾಕ್ ಮೊದಲು ರಸೆಲ್‌ರನ್ನೇ ಕೇಳಿದ್ದೇನೂ ಅಲ್ಲ. ಹಳೆಯ ಆಟಗಾರರಾದ ಫ್ರಾಂಕ್ ರ‍್ಯಾಮ್ಸಿ, ಬಾಬ್ ಕೌಸಿ, ಟಾಮ್ ಹೈನ್ಸನ್ ಮೂವರೂ ಒಲ್ಲೆನೆಂದ ಮೇಲೆ ಸರದಿ ಇಲ್ಲಿಗೆ ಬಂತು. ಔರ್‌ಬ್ಯಾಕ್ ಅಲ್ಲದೆ ಬೇರೆ ಯಾರ ಕೈಕೆಳಗೂ ಆಡಲು ರಸೆಲ್‌ಗೆ ಮನಸ್ಸಿರಲಿಲ್ಲ. ಹಾಗಾಗಿ ತಮ್ಮ ಕೈಕೆಳಗೆ ತಾವೇ ಆಡುವುದೆಂದು ತೀರ್ಮಾನಿಸಿದರು. ಇತಿಹಾಸದ ದೊಡ್ಡ ಬಾಗಿಲುಗಳು ಎಷ್ಟೋ ಸಲ ಹೀಗೆ, ಬೇರೆ ಯಾರೂ ಬೇಡವೆಂದುದರಿಂದ ತೆರೆದುಕೊಂಡಿವೆ.

‘ಮೊದಲಿಗ’ ಎಂಬ ಮಾತನ್ನೂ ಸ್ವಲ್ಪ ಎಚ್ಚರದಿಂದ ಬಳಸಬೇಕು. ರಸೆಲ್‌ಗಿಂತ ಮುಂಚೆ, 1961ರಲ್ಲಿ, ಜಾನ್ ಮ್ಯಾಕ್‌ಲೆಂಡನ್ ಎಂಬ ಕಪ್ಪು ಕೋಚ್ ಕ್ಲೀವ್‌ಲ್ಯಾಂಡಿನ ಒಂದು ವೃತ್ತಿಪರ ತಂಡವನ್ನು ನಡೆಸಿದ್ದರು. ಅದು ಬೇರೊಂದು ಲೀಗು, ಬಹುಕಾಲ ಬಾಳದ ಲೀಗು. ಈ ಆಟವನ್ನು ಕಂಡುಹಿಡಿದ ಜೇಮ್ಸ್ ನೈಸ್ಮಿತ್‌ರಿಂದಲೇ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿಸಿಕೊಂಡವರು ಮ್ಯಾಕ್‌ಲೆಂಡನ್. ಬಣ್ಣದ ಕಾರಣಕ್ಕೆ ಅಲ್ಲಿನ ತಂಡದಲ್ಲಿ ಆಡುವ ಅವಕಾಶ ಮಾತ್ರ ಇರಲಿಲ್ಲ. ದೊಡ್ಡ ಲೀಗಿನ, ಅಂದರೆ ಎನ್‌ಬಿಎಯ ಮೊದಲ ಕಪ್ಪು ಕೋಚ್ ರಸೆಲ್.

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸಂಗತಿ ತೀರಾ ಅಪರಿಚಿತವಾಗಿ ತೋರಬೇಕಾಗಿಲ್ಲ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಆ ಕಾಲದ ಅತ್ಯುತ್ತಮ ಎಡಗೈ ಸ್ಪಿನ್ನರ್. ಅಸ್ಪೃಶ್ಯರೆಂದು ಕರೆಸಿಕೊಂಡ ಜಾತಿಯವರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟ್ ಪಡೆದರು. ನಾಯಕತ್ವ ಅವರಿಗೆ ಸಿಗಲೇ ಇಲ್ಲ. ಅವರ ತಮ್ಮ ವಿಠಲ್ 1923ರಲ್ಲಿ ಹಿಂದೂ ತಂಡದ ನಾಯಕರಾದರು. ಒಬ್ಬನ ಕೈಚಳಕವನ್ನು ಮೆಚ್ಚಿ ಚಪ್ಪಾಳೆ ತಟ್ಟುವುದು ಬೇರೆ, ಅವನು ಹೇಳಿದ ಕಡೆ ಹೋಗಿ ನಿಲ್ಲುವುದು ಬೇರೆ. ಬಾಸ್ಟನ್ನಿನ ಪತ್ರಕರ್ತರು ಕೇಳಿದ್ದು ಈ ಎರಡನೆಯದನ್ನು.

ರಸೆಲ್ ಹುಟ್ಟಿದ್ದು 1934ರ ಫೆಬ್ರವರಿ 12ರಂದು, ದಕ್ಷಿಣದ ಲೂಸಿಯಾನಾ ಸಂಸ್ಥಾನದ ವೆಸ್ಟ್ ಮನ್ರೋದಲ್ಲಿ. ಪೆಟ್ರೋಲ್ ಅಂಗಡಿಯಲ್ಲಿ ಬಿಳಿಯರ ಸರದಿ ಮುಗಿಯುವವರೆಗೆ ಕಾಯದೆ ಹೊರಡಲೆತ್ನಿಸಿದ ತಂದೆಗೆ ಅಂಗಡಿಯವನು ಕೋವಿ ತೋರಿಸಿದ್ದು, ಚೆನ್ನಾದ ಉಡುಪು ತೊಟ್ಟು ಪೇಟೆಗೆ ಹೋದ ತಾಯಿಯನ್ನು ಪೊಲೀಸನೊಬ್ಬ ತಡೆದು, ಇದು ಬಿಳಿಯ ಹೆಂಗಸರ ಉಡುಪು, ಮನೆಗೆ ಹೋಗಿ ಕಳಚು ಎಂದದ್ದು, ಇವು ಆ ಮನೆಯಲ್ಲಿ ಮರೆಯದೆ ಉಳಿದ ಕಥೆಗಳು. ಹುಡುಗನಿಗೆ ಎಂಟರ ಸುಮಾರಿನಲ್ಲಿ ಕುಟುಂಬ ಪಶ್ಚಿಮ ಕರಾವಳಿಯ ಓಕ್‌ಲ್ಯಾಂಡಿಗೆ ಗುಳೆ ಹೋಯಿತು. ಹನ್ನೆರಡನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು.

ಶಾಲೆಯಲ್ಲಿ ಉದ್ದಕ್ಕೆ ಬೆಳೆದ, ಕೈಕಾಲು ಹೊಂದದ ಹುಡುಗ. ಮ್ಯಾಕ್‌ಕ್ಲೈಮಂಡ್ಸ್ ಪ್ರೌಢಶಾಲೆಯಲ್ಲಿ ಜಾರ್ಜ್ ಪೋಲ್ಸ್ ಎಂಬ ಬಿಳಿಯ ಕೋಚ್ ಅವನನ್ನು ಕಿರಿಯರ ತಂಡಕ್ಕೆ ಹದಿನಾರನೆಯವನಾಗಿ ಸೇರಿಸಿಕೊಂಡರು. ಇದ್ದದ್ದು ಹದಿನೈದೇ ಸಮವಸ್ತ್ರ. ಕೊನೆಯದನ್ನು ಇಬ್ಬರು ಹುಡುಗರು ಸರದಿಯಂತೆ ತೊಟ್ಟುಕೊಳ್ಳುತ್ತಿದ್ದರು. ಮುಂದೆ ವಿದ್ಯಾರ್ಥಿವೇತನ ಕೊಡಲು ಬಂದದ್ದು ಒಂದೇ ಕಾಲೇಜು, ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ. ಅಲ್ಲಿ ಕೋಣೆಯ ಜೊತೆಗಾರ ಕೆ. ಸಿ. ಜೋನ್ಸ್. ಇಬ್ಬರೂ ರಾತ್ರಿ ಬಹುಹೊತ್ತು ಕುಳಿತು ಅಂಕಣದ ರೇಖಾಗಣಿತವನ್ನು ಚರ್ಚಿಸುತ್ತಿದ್ದರಂತೆ: ಚೆಂಡು ಯಾವ ಕೋನದಿಂದ ಬಂದರೆ ರಿಂಗಿಗೆ ಬಡಿದು ಎತ್ತ ಚಿಮ್ಮೀತು, ಎದುರಾಳಿಯನ್ನು ಎತ್ತ ತಳ್ಳಿದರೆ ಅವನ ದಾರಿ ಕಿರಿದಾದೀತು.

ಆ ಮಾತುಕತೆಯಿಂದ ಹುಟ್ಟಿದ್ದು ಹೊಸ ಬಗೆಯ ಆಟ. ರಕ್ಷಣೆಗೆ ನಿಂತವನು ಪಾದ ನೆಲ ಬಿಡಬಾರದು ಎಂಬುದು ಆ ಕಾಲದ ಶಿಕ್ಷಣ. ರಸೆಲ್ ನೆಲ ಬಿಟ್ಟರು. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆದರು. ಅದನ್ನೂ ಪ್ರೇಕ್ಷಕರ ನಡುವೆ ಬಡಿದಟ್ಟದೆ ಮೆಲ್ಲಗೆ ತಟ್ಟಿ ತಮ್ಮವರ ಕೈಗೆ ಬೀಳುವಂತೆ ಮಾಡಿದರು. ಅಲ್ಲಿಂದಲೇ ತಮ್ಮ ತಂಡದ ದಾಳಿ ಆರಂಭ. ಪ್ರತಿಯೊಂದು ಎಸೆತವನ್ನೂ ತಡೆಯಬೇಕಾಗಿಲ್ಲ, ಯಾವುದನ್ನು ತಡೆದಾನು ಎಂಬ ಅನುಮಾನವನ್ನು ಎಸೆಯುವವನ ತಲೆಯಲ್ಲಿ ಬಿತ್ತಿದರೆ ಸಾಕು ಎಂಬುದು ಅವರ ಸಿದ್ಧಾಂತ. 1955, 1956ರಲ್ಲಿ ಸತತ ಎರಡು ಕಾಲೇಜು ಚಾಂಪಿಯನ್ ಪಟ್ಟಗಳು ಬಂದವು. ಬುಟ್ಟಿಯ ಕೆಳಗಿನ ಆವರಣವನ್ನು ಆರು ಅಡಿಯಿಂದ ಹನ್ನೆರಡು ಅಡಿಗೆ ಅಗಲಿಸಬೇಕಾಯಿತು. ಜನ ಅದನ್ನು ರಸೆಲ್ ನಿಯಮ ಎಂದೇ ಕರೆದರು. 1956ರ ಕೊನೆಗೆ ಮೆಲ್ಬರ್ನ್ ಒಲಿಂಪಿಕ್ಸ್‌ನ ಚಿನ್ನ ಗೆದ್ದು ಬಂದು, ಅದೇ ಡಿಸೆಂಬರಿನಲ್ಲಿ ಸೆಲ್ಟಿಕ್ಸ್ ಸೇರಿದರು. ಮುಂದಿನ ಹದಿಮೂರು ಋತುಗಳಲ್ಲಿ ಹನ್ನೊಂದು ಪ್ರಶಸ್ತಿಗಳು. ಅವರ ಸರಾಸರಿ ಅಂಕ ಪಂದ್ಯಕ್ಕೆ ಹದಿನೈದು ಮಾತ್ರ. ಅವರು ತಡೆದ ಎಸೆತಗಳನ್ನು ಎನ್‌ಬಿಎ ಆಗ ಎಣಿಸುತ್ತಲೇ ಇರಲಿಲ್ಲ. ಅವರ ಆಟದ ಮುಖ್ಯ ಭಾಗ ದಾಖಲೆ ಪುಸ್ತಕಗಳ ಹೊರಗೇ ಉಳಿಯಿತು.

ಬಾಸ್ಟನ್ ಇಷ್ಟೆಲ್ಲ ಗೆಲುವನ್ನು ಅನುಭವಿಸಿತು, ಗೆದ್ದುಕೊಟ್ಟವನನ್ನು ಒಪ್ಪಿಕೊಳ್ಳಲಿಲ್ಲ. ಸುಮಾರು ಹದಿನಾಲ್ಕು ಸಾವಿರ ಜನ ಹಿಡಿಸುವ ಕ್ರೀಡಾಂಗಣ ಋತುವಿನ ಸಾಧಾರಣ ಪಂದ್ಯಗಳಲ್ಲಿ ತುಂಬುತ್ತಿರಲಿಲ್ಲ. ನಗರದ ಹೊರವಲಯದ ರೀಡಿಂಗಿನಲ್ಲಿದ್ದ ರಸೆಲ್‌ರ ಮನೆಗೆ ಯಾರೋ ನುಗ್ಗಿ, ಗೋಡೆಗಳ ಮೇಲೆ ಬೈಗುಳ ಬರೆದು, ಹಾಸಿಗೆಯಲ್ಲಿ ಹೇಸಿಗೆ ಮಾಡಿ ಹೋದರು. 1961ರಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ ಪ್ರದರ್ಶನ ಪಂದ್ಯಕ್ಕೆ ಹೋದಾಗ ಹೋಟೆಲಿನ ಕಾಫಿಶಾಪಿನಲ್ಲಿ ಕಪ್ಪು ಆಟಗಾರರಿಗೆ ತಿಂಡಿ ಕೊಡಲು ನಿರಾಕರಿಸಿದರು. ರಸೆಲ್ ಮತ್ತು ಜೊತೆಗಾರರು ಪಂದ್ಯವಾಡದೆ ವಿಮಾನ ಹತ್ತಿದರು. ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್‌ರ ಕೊಲೆಯ ನಂತರ ಮಿಸಿಸಿಪಿಯ ಜ್ಯಾಕ್‌ಸನ್ನಿಗೆ ಹೋಗಿ, ಕಪ್ಪು ಬಿಳಿ ಮಕ್ಕಳಿಬ್ಬರಿಗೂ ಸೇರಿಸಿ ಬ್ಯಾಸ್ಕೆಟ್‌ಬಾಲ್ ಶಿಬಿರ ನಡೆಸಿದರು. ಇಂಥ ಮನುಷ್ಯ ಅಭಿಮಾನಿಗಳಿಗೆ ಹಸ್ತಾಕ್ಷರ ಕೊಡುವುದಿಲ್ಲವೆಂದು, ನಗುವುದಿಲ್ಲವೆಂದು ಪತ್ರಿಕೆಗಳಿಗೆ ಅಸಮಾಧಾನ.

ಕೋಚ್ ಆಗಿ ಮೊದಲ ವರ್ಷ 60 ಗೆಲುವು, 21 ಸೋಲು. ಯಾವ ಹೊಸಬನಿಗೂ ಹೆಮ್ಮೆಯ ಲೆಕ್ಕ. ಆದರೆ ಆ ವರ್ಷ ವಿಲ್ಟ್ ಚೇಂಬರ್ಲಿನ್ ಇದ್ದ ಫಿಲಡೆಲ್ಫಿಯಾ 68 ಪಂದ್ಯಗಳನ್ನು ಗೆದ್ದಿತ್ತು. ಪೂರ್ವ ವಲಯದ ಅಂತಿಮ ಸರಣಿಯಲ್ಲಿ ಸೆಲ್ಟಿಕ್ಸನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿತು. ಬಾಸ್ಟನ್ ಸತ್ತಿತು ಎಂದು ಅಲ್ಲಿನ ಜನ ಕೂಗಿದರು. ಎಂಟು ವರ್ಷಗಳ ಸರಪಳಿ ಕಡಿದದ್ದು ಮೊದಲ ಕಪ್ಪು ಕೋಚ್‌ನ ಮೊದಲ ವರ್ಷದಲ್ಲಿಯೇ. ಪಂದ್ಯದ ಕಾವಿನಲ್ಲಿ ಆಟಗಾರರನ್ನು ಬದಲಿಸಲು ಮರೆಯುತ್ತಾರೆ ಎಂಬ ಟೀಕೆ ಬಂತು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ರಸೆಲ್ ಎದುರಾಳಿಗಳ ಡ್ರೆಸ್ಸಿಂಗ್ ಕೋಣೆಗೆ ಹೋಗಿ ಚೇಂಬರ್ಲಿನ್‌ರ ಕೈಕುಲುಕಿದರು. ಮರುವರ್ಷದಿಂದ ಜಾನ್ ಹ್ಯಾವ್ಲಿಚೆಕ್, ಸ್ಯಾಮ್ ಜೋನ್ಸ್‌ರಂಥ ಹಿರಿಯ ಆಟಗಾರರನ್ನು ಪಂದ್ಯದ ನಡುವೆ ಸಲಹೆ ಕೊಡುವಂತೆ ಕೇಳಿಕೊಂಡರು. ಔರ್‌ಬ್ಯಾಕ್ ಜನರಲ್ ಮ್ಯಾನೇಜರ್ ಆಗಿ ತಂಡದಲ್ಲೇ ಇದ್ದರು, ಅಂಕಣದ ವಿಷಯಕ್ಕೆ ತಲೆಹಾಕಲಿಲ್ಲ.

ರಸೆಲ್ ತಮ್ಮ ನೆನಪುಗಳಲ್ಲಿ ಹೇಳುವ ಒಂದು ಪ್ರಸಂಗವಿದೆ. ಲೂಸಿಯಾನಾದಿಂದ ಅವರ ಅಜ್ಜ ಪಂದ್ಯ ನೋಡಲು ಬಂದರು. ಆ ಬಿಳಿಯ ಹುಡುಗರು ನಿಜವಾಗಿಯೂ ನಮ್ಮ ವಿಲಿಯಂ ಹೇಳಿದಂತೆ ಕೇಳುತ್ತಾರೆಯೇ ಎಂದು ಪಕ್ಕದಲ್ಲಿ ಕುಳಿತ ಮಗನನ್ನು ವಿಚಾರಿಸಿದರು. ಪಂದ್ಯದ ನಂತರ ಡ್ರೆಸ್ಸಿಂಗ್ ಕೋಣೆಗೆ ಹೋದರೆ ಅಲ್ಲಿ ಕಪ್ಪು ಬಣ್ಣದ ಸ್ಯಾಮ್ ಜೋನ್ಸ್, ಬಿಳಿಯ ಹ್ಯಾವ್ಲಿಚೆಕ್ ಅಕ್ಕಪಕ್ಕದಲ್ಲಿ ಸ್ನಾನ ಮಾಡುತ್ತ ಆಟದ ಮಾತಿನಲ್ಲಿ ಮುಳುಗಿದ್ದರು. ಒಬ್ಬನ ಮೈಮೇಲಿನ ನೀರು ಇನ್ನೊಬ್ಬನಿಗೆ ಸಿಡಿಯುತ್ತಿತ್ತು. ಇಂಥದ್ದನ್ನು ಕಾಣುವವರೆಗೆ ಬದುಕುತ್ತೇನೆಂದುಕೊಂಡಿರಲಿಲ್ಲ ಎಂದು ಮುದುಕ ಅತ್ತರು. ಹನ್ನೊಂದು ಪ್ರಶಸ್ತಿಗಳ ಪಟ್ಟಿಗಿಂತ ಈ ನೀರಿನ ಕಥೆ ನನ್ನಲ್ಲಿ ಹೆಚ್ಚು ಕಾಲ ನಿಂತಿದೆ. ನೀರು ಯಾರನ್ನು ಮುಟ್ಟಬಹುದು ಎಂಬುದರ ಅರ್ಥವನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್‌ರ ಹತ್ಯೆಯಾಯಿತು. ಮರುದಿನವೇ ಫಿಲಡೆಲ್ಫಿಯಾದಲ್ಲಿ ಸೆಲ್ಟಿಕ್ಸ್ ಸರಣಿಯ ಮೊದಲ ಪಂದ್ಯ. ಎರಡೂ ತಂಡಗಳ ಆಟಗಾರರು ಭಾರವಾದ ಮನಸ್ಸಿನಿಂದ ಆಡಿದರು; ಎರಡನೆಯ ಪಂದ್ಯವನ್ನು 10ನೆಯ ತಾರೀಖಿನವರೆಗೆ ಮುಂದೂಡಲಾಯಿತು. ನಾಲ್ಕು ಪಂದ್ಯಗಳಾಗುವಾಗ ಸೆಲ್ಟಿಕ್ಸ್ ಮೂರನ್ನು ಸೋತಿತ್ತು. ಅಲ್ಲಿಂದ ಸತತ ಮೂರನ್ನು ಗೆದ್ದಿತು. ಅಷ್ಟು ಹಿಂದೆ ಬಿದ್ದು ಸರಣಿ ಗೆದ್ದ ಉದಾಹರಣೆ ಎನ್‌ಬಿಎಯಲ್ಲಿ ಅದುವರೆಗೆ ಇರಲಿಲ್ಲ. ಏಳನೆಯ ಪಂದ್ಯದ ಅಂಕ 100–96. ಅದರ ಉತ್ತರಾರ್ಧದಲ್ಲಿ ಚೇಂಬರ್ಲಿನ್ ಬುಟ್ಟಿಯತ್ತ ಚೆಂಡೆಸೆದದ್ದು ಎರಡೇ ಸಲ. ಬಳಿಕ ಲೇಕರ್ಸ್ ತಂಡವನ್ನು ಸೋಲಿಸಿ, ಎನ್‌ಬಿಎ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಕೋಚ್ ಆದರು ರಸೆಲ್.

ಮೂರನೆಯ ವರ್ಷ ತಂಡಕ್ಕೆ ವಯಸ್ಸಾಗಿತ್ತು. 48 ಗೆಲುವು, 34 ಸೋಲು. ವಲಯದಲ್ಲಿ ನಾಲ್ಕನೆಯ ಸ್ಥಾನ. ಹೇಗೋ ಅಂತಿಮ ಸರಣಿಗೆ ಬಂದರೆ ಎದುರಿಗೆ ಜೆರ್ರಿ ವೆಸ್ಟ್, ಎಲ್ಜಿನ್ ಬೇಲರ್ ಜೊತೆಗೆ ಈಗ ಚೇಂಬರ್ಲಿನ್‌ರನ್ನೂ ಸೇರಿಸಿಕೊಂಡ ಲೇಕರ್ಸ್. ಏಳನೆಯ ಪಂದ್ಯ, 1969ರ ಮೇ 5, ಲಾಸ್ ಏಂಜಲೀಸ್. ಗೆಲುವಿನ ಸಂಭ್ರಮಕ್ಕೆಂದು ಲೇಕರ್ಸ್ ಮಾಲೀಕರು ಛಾವಣಿಗೆ ಸಾವಿರಾರು ಬಲೂನುಗಳನ್ನು ಕಟ್ಟಿಸಿದ್ದರು. ಡಾನ್ ನೆಲ್ಸನ್ ಎಸೆದ ಚೆಂಡು ರಿಂಗಿನ ಹಿಂಬದಿಗೆ ಬಡಿದು, ನೇರ ಮೇಲಕ್ಕೆ ಚಿಮ್ಮಿ, ಬುಟ್ಟಿಯೊಳಗೆ ಬಿತ್ತು. 108–106. ಬಲೂನುಗಳು ಛಾವಣಿಯಲ್ಲೇ ಉಳಿದವು.

ಆ ಬೇಸಿಗೆಯಲ್ಲಿ ರಸೆಲ್ ಆಟವನ್ನೂ ಕೋಚ್ ಹುದ್ದೆಯನ್ನೂ ಒಟ್ಟಿಗೆ ಬಿಟ್ಟರು. ಬಾಸ್ಟನ್ನಿನ ಪತ್ರಿಕೆಗಳಿಗೆ ಹೇಳಲೂ ಇಲ್ಲ. ರಾಷ್ಟ್ರೀಯ ವಾರಪತ್ರಿಕೆಯೊಂದರಲ್ಲಿ ಲೇಖನ ಬರೆದು ತಿಳಿಸಿದರು. ಮರುವರ್ಷ ಸೆಲ್ಟಿಕ್ಸ್ ಲೆಕ್ಕ 34 ಗೆಲುವು, 48 ಸೋಲು. ಹಿಂದಿನ ವರ್ಷದ ಅಂಕೆಗಳೇ ತಲೆಕೆಳಗಾಗಿ ನಿಂತಂತೆ.

ಬಾಸ್ಟನ್ನಿನ ಮೂರು ವರ್ಷಗಳಲ್ಲಿ ಕೋಚ್ ರಸೆಲ್ ಗೆದ್ದ ಪಂದ್ಯಗಳು ಒಟ್ಟು 162, ಸೋತದ್ದು 83. 1973ರಲ್ಲಿ ಅವರು ಸಿಯಾಟಲ್ ಸೂಪರ್‌ಸಾನಿಕ್ಸ್ ತಂಡದ ಕೋಚ್ ಮತ್ತು ಜನರಲ್ ಮ್ಯಾನೇಜರ್ ಆದರು. ಅಲ್ಲಿನ ನಾಲ್ಕು ವರ್ಷಗಳಲ್ಲಿಯೂ ಗೆದ್ದದ್ದು ಸರಿಯಾಗಿ 162. ಸೋಲು ಮಾತ್ರ 166. ಅಂಕೆಗಳ ಈ ಆಕಸ್ಮಿಕವನ್ನು ನಾನು ಬಹಳ ಸಲ ದಿಟ್ಟಿಸಿದ್ದೇನೆ. ಎರಡೂ ಕಡೆ ಕೋಚ್ ಒಬ್ಬರೇ. ವ್ಯತ್ಯಾಸವಿಷ್ಟೇ: ಸಿಯಾಟಲ್‌ನಲ್ಲಿ ಕೋಚ್ ರಸೆಲ್‌ಗೆ ಆಟಗಾರ ರಸೆಲ್ ಸಿಕ್ಕಿರಲಿಲ್ಲ. ಎದುರಾಳಿಯ ಭುಜ ಅಲುಗುವ ಮುನ್ನವೇ ಅವನ ಉದ್ದೇಶ ತಿಳಿಯುವ ವಿದ್ಯೆ ಹೇಳಿಕೊಟ್ಟು ಬರುವಂಥದಲ್ಲ. ಬಾಸ್ಟನ್ನಿನಲ್ಲಿ ಅದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ; ತಾವೇ ಹೋಗಿ ನಿಂತರಾಗುತ್ತಿತ್ತು. ಆದರೂ ಸಿಯಾಟಲ್ ಕಾಲವನ್ನು ಬರಿಯ ಸೋಲೆಂದು ಬರೆಯುವವರ ಜೊತೆ ನಾನಿಲ್ಲ. ಆ ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಪ್ಲೇಆಫ್ ಕಂಡದ್ದು ರಸೆಲ್ ಕೈಯಲ್ಲಿ, 1975ರಲ್ಲಿ. 1976ರಲ್ಲಿ ಅವರ ಅವಧಿಯಲ್ಲೇ ತಂಡ ಆರಿಸಿಕೊಂಡ ಡೆನಿಸ್ ಜಾನ್ಸನ್, 1979ರಲ್ಲಿ ಸಿಯಾಟಲ್ ಚಾಂಪಿಯನ್ ಆದಾಗ ಅಂತಿಮ ಸರಣಿಯ ಶ್ರೇಷ್ಠ ಆಟಗಾರ. ಆಗ ಕೋಚ್ ಲೆನಿ ವಿಲ್ಕೆನ್ಸ್; ಅವರೂ ಕಪ್ಪು ಜನಾಂಗದವರೇ.

1987ರಲ್ಲಿ ಸ್ಯಾಕ್ರಮೆಂಟೋ ಕಿಂಗ್ಸ್ ತಂಡ ಮತ್ತೊಮ್ಮೆ ಕರೆಯಿತು. ಹೋಗದಿದ್ದರೆ ಒಳಿತಿತ್ತು. 17 ಗೆಲುವು, 41 ಸೋಲು. ಋತು ಮುಗಿಯುವ ಮುನ್ನವೇ ಕೋಚ್ ಸ್ಥಾನದಿಂದ ತೆಗೆದರು.

1967ರ ಸೋಲಿಗೂ 1988ರ ಸೋಲಿಗೂ ನಡುವೆ ಏನು ನಡೆಯಿತೆಂಬುದೇ ಈ ಬದುಕಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು. 1967ರಲ್ಲಿ ಸೋತವನು ಬಿಲ್ ರಸೆಲ್ ಒಬ್ಬನೇ ಅಲ್ಲ. ಕಪ್ಪು ಮನುಷ್ಯ ಅಪ್ಪಣೆ ಕೊಡಬಲ್ಲನೇ ಎಂಬ ಪರೀಕ್ಷೆಯ ಫಲಿತಾಂಶವಾಗಿ ಅದನ್ನು ಓದಲು ಕಾದವರಿದ್ದರು. ಅವರು ಮುಂದಿನೆರಡು ವರ್ಷ ಗೆಲ್ಲದೆ ಇದ್ದಿದ್ದರೆ? 1969ರಲ್ಲಿ ವಿಲ್ಕೆನ್ಸ್, ಅದರ ಬೆನ್ನಿಗೆ ಆಲ್ ಆ್ಯಟಲ್ಸ್ ಕೋಚ್‌ಗಳಾದರು. 1975ರ ಎನ್‌ಬಿಎ ಅಂತಿಮ ಸರಣಿಯಲ್ಲಿ ಎದುರುಬದುರು ನಿಂತ ಎರಡೂ ತಂಡಗಳ ಕೋಚ್‌ಗಳು ಕಪ್ಪು ಜನಾಂಗದವರು: ಒಂದು ಕಡೆ ಆ್ಯಟಲ್ಸ್, ಇನ್ನೊಂದು ಕಡೆ ಕಾಲೇಜಿನ ದಿನಗಳ ಆ ಜೊತೆಗಾರ ಕೆ. ಸಿ. ಜೋನ್ಸ್. ಅದೇ ವರ್ಷ ಬೇಸ್‌ಬಾಲಿನ ದೊಡ್ಡ ಲೀಗಿಗೆ ಮೊದಲ ಕಪ್ಪು ಮ್ಯಾನೇಜರ್ ಬಂದರು, ಫ್ರಾಂಕ್ ರಾಬಿನ್ಸನ್. ಮ್ಯಾಕ್‌ಕ್ಲೈಮಂಡ್ಸ್ ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ರಸೆಲ್ ಜೊತೆ ಆಡಿದ ಹುಡುಗ. ಸ್ಯಾಕ್ರಮೆಂಟೋದಲ್ಲಿ ರಸೆಲ್ ಸೋತಾಗ ಅದು ಒಬ್ಬ ಕೋಚ್‌ನ ಸೋಲು ಮಾತ್ರವಾಗಿತ್ತು. ಬಿಳಿಯ ಕೋಚ್‌ಗಳು ಮೊದಲಿನಿಂದಲೂ ಸೋಲುತ್ತ ಬಂದದ್ದು ಹೀಗೆಯೇ.

1975ರಲ್ಲಿ ಸ್ಪ್ರಿಂಗ್‌ಫೀಲ್ಡಿನ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ರಸೆಲ್‌ರನ್ನು ಆರಿಸಿತು. ಆಟಗಾರನಾಗಿ ಆ ಗೌರವ ಪಡೆದ ಮೊದಲ ಕಪ್ಪು ಮನುಷ್ಯ ಅವರೇ. ಅವರು ಸಮಾರಂಭಕ್ಕೆ ಹೋಗಲಿಲ್ಲ, ಉಂಗುರ ತೆಗೆದುಕೊಳ್ಳಲಿಲ್ಲ. ಬಹುಕಾಲದ ಮೇಲೆ ಕಾರಣ ಹೇಳಿದರು: ತಮಗಿಂತ ಮೊದಲು ಆ ಗೌರವ ಸಲ್ಲಬೇಕಾದವರಿದ್ದರು. 1950ರಲ್ಲಿ ಎನ್‌ಬಿಎ ತಂಡವೊಂದು ಆರಿಸಿದ ಮೊದಲ ಕಪ್ಪು ಆಟಗಾರ ಚಕ್ ಕೂಪರ್ ಅವರಲ್ಲೊಬ್ಬರು. ಆರಿಸಿದ್ದು ಬಾಸ್ಟನ್ ಸೆಲ್ಟಿಕ್ಸೇ. 2019ರಲ್ಲಿ, ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ, ಕೂಪರ್‌ರ ಹೆಸರು ಆ ಪಟ್ಟಿಗೆ ಸೇರಿತು. ಆ ವರ್ಷದ ನವೆಂಬರಿನಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ಕೆಲವೇ ಮಂದಿ ಗೆಳೆಯರ ನಡುವೆ ರಸೆಲ್ ಆ ಉಂಗುರವನ್ನು ತೊಟ್ಟುಕೊಂಡರು. 2021ರಲ್ಲಿ ಅದೇ ಸಂಸ್ಥೆ ಅವರನ್ನು ಎರಡನೆಯ ಸಲ ಆರಿಸಿತು, ಈ ಬಾರಿ ಕೋಚ್ ಎಂದು. ಮರುವರ್ಷ ಜುಲೈ 31ರಂದು ಅವರು ತೀರಿಕೊಂಡರು.